ಮೂರು ಮಿಲಿಸೆಕೆಂಡಿನ ಗಡುವು

ಹಾಡು ಪಲ್ಲವಿ ದಾಟಿ ಚರಣಕ್ಕೆ ಬಂದಿರುತ್ತದೆ. ಹೆಡ್‌ಫೋನಿನಲ್ಲಿ ‘ಚಟ್’ ಎಂದು ಒಂದು ಸದ್ದು. ಎರಡು ಸಾಲು ಕಳೆದ ಮೇಲೆ ಇನ್ನೊಂದು. ಕೊನೆಗೆ ದನಿ ಹರಿದ ಬಟ್ಟೆಯಂತೆ ಚಿಂದಿಯಾಗಿ, ಪರದೆಯ ಮೇಲೆ ‘ಸಿಪಿಯು ಓವರ್‌ಲೋಡ್’ ಎಂಬ ಎಚ್ಚರಿಕೆ ಮೂಡಿ, ರೆಕಾರ್ಡಿಂಗ್ ನಿಂತೇ ಹೋಗುತ್ತದೆ. ಮನೆಯ ಒಂದು ಕೋಣೆಯನ್ನು ಸ್ಟುಡಿಯೊ ಮಾಡಿಕೊಂಡು, ಒಂದು ಲ್ಯಾಪ್‌ಟಾಪ್, ಒಂದು ಆಡಿಯೊ ಇಂಟರ್ಫೇಸ್, ಒಂದು ಮೈಕ್ ಇಟ್ಟುಕೊಂಡು ಕೆಲಸ ಮಾಡುವವರಿಗೆಲ್ಲ ಈ ಗಳಿಗೆ ಪರಿಚಿತ. ಆಗ ಥಟ್ಟನೆ ಹೊಳೆಯುವ ತೀರ್ಮಾನವೂ ಒಂದೇ: ಯಂತ್ರ ಹಳೆಯದಾಯಿತು, ಸಾಲ ಮಾಡಿಯಾದರೂ ಹೊಸದು ತರಬೇಕು. ಈ ತೀರ್ಮಾನ ಬಹಳ ಸಲ ತಪ್ಪಾಗಿರುತ್ತದೆ. ಆ ಸದ್ದು ಹೇಳುತ್ತಿರುವುದು ಒಂದು ಕೆಲಸ ಹೊತ್ತಿಗೆ ಸರಿಯಾಗಿ ಮುಗಿಯಲಿಲ್ಲ ಎಂದಷ್ಟೇ. ಕಂಪ್ಯೂಟರಿಗೆ ಶಕ್ತಿ ಸಾಲದೆ ಹೋಯಿತೋ, ಶಕ್ತಿ ಇದ್ದೂ ಯಾರೋ ತಡೆದರೋ ಎಂಬುದನ್ನು ಅದು ಹೇಳುವುದಿಲ್ಲ. ಅದನ್ನು ನಾವೇ ಹುಡುಕಬೇಕು. ಹುಡುಕಿದರೆ ಹೆಚ್ಚಿನ ಸಲ ಉತ್ತರ ಸಿಗುತ್ತದೆ, ಅದಕ್ಕೆ ಖರ್ಚೂ ಇಲ್ಲ.

ಮೊದಲು ಗಡುವಿನ ಲೆಕ್ಕ ನೋಡೋಣ. ಸಿ.ಡಿ. ಗುಣಮಟ್ಟದ ಧ್ವನಿಯೆಂದರೆ ಸೆಕೆಂಡಿಗೆ 44,100 ಮಾದರಿಗಳು, ಅಂದರೆ ಸ್ಯಾಂಪಲ್‌ಗಳು. ಇವನ್ನು ಒಂದೊಂದಾಗಿ ಸಾಗಿಸುವುದು ಕಂಪ್ಯೂಟರಿಗೆ ಆಗದ ಮಾತು, ಹಾಗಾಗಿ ಕಂತೆ ಕಟ್ಟಿ ಕಳಿಸುತ್ತದೆ. ಆ ಕಂತೆಯ ಗಾತ್ರವನ್ನೇ ‘ಬಫರ್ ಸೈಜ್’ ಎನ್ನುವುದು. ಬಫರ್ 128ಕ್ಕೆ ಇಟ್ಟರೆ ಒಂದು ಕಂತೆಯ ಆಯುಷ್ಯ 2.9 ಮಿಲಿಸೆಕೆಂಡ್. ಒಂದು ಕಂತೆ ನುಡಿಯುತ್ತಿರುವಷ್ಟರಲ್ಲಿ ಮುಂದಿನದು ತಯಾರಾಗಬೇಕು. ಎಲ್ಲ ಟ್ರ್ಯಾಕುಗಳನ್ನು ಓದಿ, ಪ್ರತಿಯೊಂದರ ಮೇಲಿನ ಇಕ್ಯು, ಕಂಪ್ರೆಸರ್, ರಿವರ್ಬ್ ಮುಂತಾದ ಪ್ಲಗಿನ್‌ಗಳ ಲೆಕ್ಕ ಹಾಕಿ, ಕೂಡಿಸಿ, ಇಂಟರ್ಫೇಸಿನ ಕೈಗೆ ಕೊಡುವ ಕೆಲಸವೆಲ್ಲ ಆ ಸುಮಾರು ಮೂರು ಮಿಲಿಸೆಕೆಂಡಿನೊಳಗೆ ಆಗಬೇಕು. ಸೆಕೆಂಡಿಗೆ 344 ಸಲ, ಐದು ನಿಮಿಷದ ಹಾಡಿಗೆ ಒಂದು ಲಕ್ಷ ಸಲಕ್ಕೂ ಮಿಗಿಲಾಗಿ. ಅಷ್ಟರಲ್ಲಿ ಒಂದೇ ಒಂದು ಸಲ ತಡವಾದರೂ ಕಿವಿಗೆ ಕೇಳುತ್ತದೆ. ಪತ್ರ ಬರೆಯುವ ಸಾಫ್ಟ್‌ವೇರ್ ಅರ್ಧ ಸೆಕೆಂಡ್ ತಡೆದು ನಿಂತರೆ ನಾವು ಗಮನಿಸುವುದೂ ಇಲ್ಲ. ಧ್ವನಿಗೆ ಆ ಸಲುಗೆ ಇಲ್ಲ.

ಮದುವೆಮನೆಯ ಪಂಕ್ತಿ ಊಟಕ್ಕೆ ಇದನ್ನು ಹೋಲಿಸಿದರೆ ತಿಳಿಯುವುದು ಸುಲಭ. ಸಾವಿರ ಜನಕ್ಕೆ ಬೇಕಾದ ಅನ್ನ, ಹುಳಿ, ಪಾಯಸ ಎಲ್ಲವನ್ನೂ ಅಡುಗೆಯವರು ಮಾಡಬಲ್ಲರು, ಮಾಡಿಯೂ ಇದ್ದಾರೆ. ಆದರೆ ಅನ್ನ ಬಡಿಸಿ ಹೋದ ಮೇಲೆ ಹುಳಿಯ ಬಕೆಟ್ಟು ಬರುವುದು ತಡವಾದರೆ ಕೂತವರ ಮುಂದೆ ಇರುವುದು ಬರೀ ಅನ್ನ. ಅಡುಗೆಮನೆಯ ಒಟ್ಟು ಸಾಮರ್ಥ್ಯಕ್ಕೂ ಎಲೆಯ ಮುಂದೆ ಆದ ಕೊರತೆಗೂ ನೇರ ಸಂಬಂಧವಿಲ್ಲ. ಕಂಪ್ಯೂಟರಿನ ವಿಷಯದಲ್ಲೂ ಇದು ಹೀಗೇ ಎಂಬುದಕ್ಕೆ ಯಾರು ಬೇಕಾದರೂ ಮಾಡಿ ನೋಡಬಹುದಾದ ಒಂದು ಪರೀಕ್ಷೆ ಇದೆ. ಪ್ಲೇ ಒತ್ತಿದಾಗ ಚಟಪಟ ಎನ್ನುವ ಅದೇ ಪ್ರಾಜೆಕ್ಟನ್ನು ಆಫ್‌ಲೈನ್ ರೆಂಡರ್ ಮಾಡಿ, ಎಂದರೆ ಕೇಳಿಸದೆ ನೇರ ಫೈಲ್ ಆಗಿ ಹೊರತೆಗೆಯಿರಿ. ಬಂದ ಫೈಲಿನಲ್ಲಿ ಆ ಸದ್ದುಗಳು ಇರುವುದಿಲ್ಲ. ಬಹಳ ಸಲ ನಾಲ್ಕು ನಿಮಿಷದ ಹಾಡು ಒಂದೇ ನಿಮಿಷದಲ್ಲಿ ಸಿದ್ಧವಾಗಿರುತ್ತದೆ. ಹಾಡಿನ ವೇಗಕ್ಕಿಂತ ನಾಲ್ಕು ಪಟ್ಟು ಬೇಗ ಲೆಕ್ಕ ಮುಗಿಸಿದ ಯಂತ್ರವನ್ನು ಅಶಕ್ತ ಎನ್ನಲು ಬರುವುದಿಲ್ಲ. ರೆಂಡರ್ ಮಾಡುವಾಗ ಗಡುವು ಇರಲಿಲ್ಲ, ಇದ್ದ ವ್ಯತ್ಯಾಸ ಅದೊಂದೇ. ಹೊಸ ಯಂತ್ರದ ಬೆಲೆ ವಿಚಾರಿಸುವ ಮೊದಲು ಈ ಪರೀಕ್ಷೆ ಮಾಡಲೇಬೇಕು. ರೆಂಡರ್ ಆಗುವುದಕ್ಕೆ ಹಾಡಿನಷ್ಟೇ ಅಥವಾ ಅದಕ್ಕಿಂತ ಹೆಚ್ಚು ಹೊತ್ತು ಹಿಡಿದರೆ ಮಾತ್ರ ಪ್ರಾಜೆಕ್ಟಿನ ಭಾರವೇ ಯಂತ್ರಕ್ಕೆ ಹೆಚ್ಚಾಯಿತು ಎಂದು ಒಪ್ಪಬಹುದು.

‘ಟಾಸ್ಕ್ ಮ್ಯಾನೇಜರ್ ನೋಡಿದರೆ ಸಿಪಿಯು ಬಳಕೆ ಬರೀ ಶೇಕಡಾ 20, ಆದರೂ ಓವರ್‌ಲೋಡ್ ಎನ್ನುತ್ತದೆ’ ಎಂಬ ಗೋಜಲಿಗೂ ಇಲ್ಲೇ ಉತ್ತರ. ಆ ಅಂಕಿ ಸರಾಸರಿ. ಎಂಟು ಕೋರುಗಳ ಪ್ರೊಸೆಸರಿನಲ್ಲಿ ಒಂದು ಕೋರ್ ಉಸಿರುಗಟ್ಟಿ ದುಡಿಯುತ್ತಿದ್ದು ಉಳಿದ ಏಳು ಸುಮ್ಮನಿದ್ದರೆ ಒಟ್ಟು ಬಳಕೆ ಶೇಕಡಾ 12.5 ಎಂದೇ ತೋರಿಸುತ್ತದೆ. ಸಂಗೀತದ ಕೆಲಸ ಎಲ್ಲ ಕೋರುಗಳಿಗೂ ಸಮನಾಗಿ ಹಂಚಿಕೆಯಾಗುವ ಜಾತಿಯದಲ್ಲ. ಗಾಯಕರ ಟ್ರ್ಯಾಕಿನ ಮೇಲೆ ಆರು ಪ್ಲಗಿನ್ ಹಾಕಿದ್ದರೆ ಮೊದಲನೆಯದು ಮುಗಿಯದೆ ಎರಡನೆಯದಕ್ಕೆ ಕೆಲಸವಿಲ್ಲ; ಬೇಳೆ ಬೇಯದೆ ಒಗ್ಗರಣೆ ಕೊಡಲಾಗದು, ಎಂಟು ಜನ ಅಡುಗೆಯವರಿದ್ದರೂ ಅಷ್ಟೆ. ಕೆಲಸದ ಹಂಚಲಾಗದ ಪಾಲೇ ಒಟ್ಟು ವೇಗದ ಎಲ್ಲೆಯನ್ನು ಗೊತ್ತುಮಾಡುತ್ತದೆ ಎಂಬ ಈ ವಿಚಾರವನ್ನು ಕಂಪ್ಯೂಟರ್ ವಿನ್ಯಾಸಕ ಜೀನ್ ಆಮ್ಡಾಲ್ 1967ರಲ್ಲೇ ಮುಂದಿಟ್ಟಿದ್ದರು. ಎಲ್ಲ ಟ್ರ್ಯಾಕುಗಳೂ ಬಂದು ಸೇರುವ ಮಾಸ್ಟರ್ ಟ್ರ್ಯಾಕಿನಲ್ಲಿ ಭಾರದ ಪ್ಲಗಿನ್‌ಗಳನ್ನು ಸಾಲಾಗಿ ಪೇರಿಸಿದವರಿಗೆ ತೊಂದರೆ ಹೆಚ್ಚಾಗುವುದು ಇದೇ ಕಾರಣಕ್ಕೆ. ಆದ್ದರಿಂದ ನೋಡಬೇಕಾದ ಮೀಟರ್ ಬೇರೆ. ರೀಪರ್ ಎಂಬ ರೆಕಾರ್ಡಿಂಗ್ ಸಾಫ್ಟ್‌ವೇರಿನಲ್ಲಿ ಪರ್ಫಾರ್ಮೆನ್ಸ್ ಮೀಟರ್ ತೆರೆದರೆ ‘ಆರ್‌ಟಿ ಸಿಪಿಯು’ ಎಂಬ ಲೆಕ್ಕ ಪ್ರತ್ಯೇಕವಾಗಿ ಕಾಣುತ್ತದೆ, ಕ್ಯೂಬೇಸ್‌ನಲ್ಲೂ ಸರಾಸರಿಯಿಂದ ಬೇರೆಯಾಗಿ ರಿಯಲ್ ಟೈಮಿನ ಗರಿಷ್ಠ ಮಟ್ಟ ತೋರಿಸುವ ಪಟ್ಟಿ ಇದೆ. ಗಡುವಿಗೆ ಎಷ್ಟು ಹತ್ತಿರ ಬಂದಿದ್ದೇವೆ ಎಂಬುದು ಅಲ್ಲಿ ಗೊತ್ತಾಗುತ್ತದೆ.

ಒಂದೂ ಪ್ಲಗಿನ್ ಇಲ್ಲದ, ಒಂದೇ ಟ್ರ್ಯಾಕಿನ ಖಾಲಿ ಪ್ರಾಜೆಕ್ಟಿನಲ್ಲೂ ಆಗೊಮ್ಮೆ ಈಗೊಮ್ಮೆ ಚಟ್ ಎಂದರೆ? ಆಗ ಸಂಗೀತದ ಸಾಫ್ಟ್‌ವೇರಿನ ಮೇಲೆ ಅನುಮಾನ ಪಡುವುದನ್ನು ಬಿಟ್ಟು ಆಚೆ ನೋಡಬೇಕು. ವಿಂಡೋಸ್‌ನಲ್ಲಿ ಪ್ರತಿ ಸಾಧನದ ಡ್ರೈವರಿಗೂ ಉಳಿದೆಲ್ಲ ಕೆಲಸವನ್ನು ಕ್ಷಣಕಾಲ ನಿಲ್ಲಿಸಿ ತನ್ನದನ್ನು ಮುಗಿಸಿಕೊಳ್ಳುವ ಅಧಿಕಾರ ಇದೆ. ಆ ಕ್ಷಣ ಚಿಕ್ಕದಾಗಿರಬೇಕು, ಮಿಲಿಸೆಕೆಂಡಿನ ಸಣ್ಣ ಪಾಲು. ಸರಿಯಾಗಿ ಬರೆಯದ ವೈ-ಫೈ ಡ್ರೈವರೋ, ಗ್ರಾಫಿಕ್ಸ್ ಡ್ರೈವರೋ, ಬ್ಯಾಟರಿಯ ಮಟ್ಟ ಕೇಳುವ ವ್ಯವಸ್ಥೆಯೋ ಎರಡು ಮೂರು ಮಿಲಿಸೆಕೆಂಡ್ ಹಿಡಿದು ಕೂತರೆ ನಮ್ಮ 2.9 ಮಿಲಿಸೆಕೆಂಡಿನ ಗಡುವು ಅಲ್ಲೇ ಮುಗಿಯಿತು. ಇದನ್ನು ಅಳೆಯಲು ಲೇಟೆನ್ಸಿಮಾನ್ ಎಂಬ ಸಾಧನ ಇದೆ. ಹತ್ತು ನಿಮಿಷ ಓಡಲು ಬಿಟ್ಟರೆ ಯಾವ ಡ್ರೈವರ್ ಎಷ್ಟು ಹೊತ್ತು ಹಿಡಿದಿತ್ತು ಎಂದು ಹೆಸರು ಸಮೇತ ಪಟ್ಟಿ ಕೊಡುತ್ತದೆ. ವೈ-ಫೈ ಆರಿಸಿ ಮತ್ತೆ ಅಳೆದು, ಪಟ್ಟಿ ಬದಲಾಯಿತೇ ಎಂದು ನೋಡಿ, ಒಂದೊಂದೇ ಅನುಮಾನ ಬಗೆಹರಿಸಿಕೊಳ್ಳಬಹುದು. ಒಂದು ಸಲಕ್ಕೆ ಒಂದನ್ನೇ ಬದಲಿಸಬೇಕು ಎಂಬ ಶಿಸ್ತು ಇಲ್ಲಿ ಬಹಳ ಮುಖ್ಯ. ನಾಲ್ಕನ್ನು ಒಟ್ಟಿಗೆ ಬದಲಿಸಿದರೆ ವಾಸಿಯಾದರೂ ಯಾವುದರಿಂದ ಎಂದು ತಿಳಿಯುವುದಿಲ್ಲ, ಮುಂದಿನ ಸಲ ಮತ್ತೆ ಮೊದಲಿನಿಂದ ಶುರುಮಾಡಬೇಕು.

ತುರ್ತಿನ ಕೆಲಸವನ್ನು ತುರ್ತಿಲ್ಲದ ಕೆಲಸ ತಡೆಯುವುದು ಸಂಗೀತಕ್ಕಷ್ಟೇ ಬಂದ ಕಾಯಿಲೆಯೂ ಅಲ್ಲ. 1997ರ ಜುಲೈ 4ರಂದು ಮಂಗಳ ಗ್ರಹದ ಮೇಲೆ ಇಳಿದ ನಾಸಾದ ಪಾಥ್‌ಫೈಂಡರ್ ನೌಕೆಯ ಕಂಪ್ಯೂಟರ್ ಕೆಲವು ದಿನಗಳಲ್ಲೇ ತನ್ನಷ್ಟಕ್ಕೆ ಮತ್ತೆ ಮತ್ತೆ ರೀಸ್ಟಾರ್ಟ್ ಆಗತೊಡಗಿತು. ಹವಾಮಾನದ ಮಾಹಿತಿ ಕೂಡಿಡುವ ಕಡಿಮೆ ಆದ್ಯತೆಯ ಒಂದು ಕೆಲಸ ಹಂಚಿಕೆಯ ಸಂಪನ್ಮೂಲವೊಂದನ್ನು ಹಿಡಿದುಕೊಂಡಿರುತ್ತಿತ್ತು. ಅದೇ ಸಂಪನ್ಮೂಲಕ್ಕಾಗಿ ಅತಿ ತುರ್ತಿನ ಕೆಲಸ ಕಾಯುತ್ತಿತ್ತು. ನಡುವೆ ಮಧ್ಯಮ ಆದ್ಯತೆಯ ಇನ್ನೊಂದು ಕೆಲಸ ನುಗ್ಗಿ, ಹಿಡಿದವನು ಬಿಡದಂತೆ ಮಾಡುತ್ತಿತ್ತು. ಮದುವೆಮನೆಯ ಹೋಲಿಕೆಯಲ್ಲೇ ಹೇಳುವುದಾದರೆ, ಇರುವುದೊಂದೇ ಸೌಟು ಹುಡುಗನ ಕೈಯಲ್ಲಿದೆ, ಅವನನ್ನು ಯಾರೋ ಮಾತಿಗೆ ನಿಲ್ಲಿಸಿದ್ದಾರೆ, ಬಡಿಸುವ ಹಿರಿಯರು ಕಾಯುತ್ತಿದ್ದಾರೆ. ಎಂಜಿನಿಯರುಗಳು ನೌಕೆಯ ಪ್ರತಿರೂಪವನ್ನು ಭೂಮಿಯ ಮೇಲೆ ಓಡಿಸಿ ಕಾರಣ ಹಿಡಿದರು. ಭೂಮಿಯಿಂದಲೇ ಒಂದು ಸಣ್ಣ ತಿದ್ದುಪಡಿ ಕಳಿಸಿ ಸರಿಪಡಿಸಿದರು. ಪ್ರೊಸೆಸರ್ ಅದೇ ಉಳಿಯಿತು. ಬದಲಿಸುವ ದಾರಿ ಇಲ್ಲದ ಕಡೆ ಮನುಷ್ಯ ಎಷ್ಟು ಶ್ರದ್ಧೆಯಿಂದ ಕಾರಣ ಹುಡುಕುತ್ತಾನೆ ಎಂಬುದು ಆ ಪ್ರಸಂಗದಲ್ಲಿ ನನಗೆ ಬಹಳ ಇಷ್ಟವಾದ ಸಂಗತಿ.

ನಮ್ಮ ಮನೆಗಳ ಸ್ಥಿತಿಗೇ ಅಂಟಿಕೊಂಡ ಎರಡು ಕಾರಣಗಳನ್ನು ಕೊಂಚ ನಿಧಾನವಾಗಿ ನೋಡಬೇಕು. ಹಳೆಯ ಮನೆಗಳಲ್ಲಿ ಅರ್ಥಿಂಗ್ ಸರಿ ಇರುವುದಿಲ್ಲ. ಲ್ಯಾಪ್‌ಟಾಪಿಗೆ ಚಾರ್ಜರ್ ಸಿಕ್ಕಿಸಿದ ಕೂಡಲೇ ಮೈಕಿನ ದನಿಯ ಹಿಂದೆ ‘ಗುಂಯ್’ ಎಂಬ ಸದ್ದು ಶುರುವಾಗುತ್ತದೆ. ಅದನ್ನು ತಪ್ಪಿಸಲು ಚಾರ್ಜರ್ ಕಿತ್ತು ಬ್ಯಾಟರಿಯ ಮೇಲೆ ರೆಕಾರ್ಡ್ ಮಾಡುತ್ತಾರೆ. ಗುಂಯ್ ಹೋಗುತ್ತದೆ. ಆದರೆ ಚಾರ್ಜರ್ ಕಿತ್ತ ಗಳಿಗೆಯಿಂದ ಲ್ಯಾಪ್‌ಟಾಪ್ ವಿದ್ಯುತ್ ಉಳಿಸಲು ಪ್ರೊಸೆಸರಿನ ವೇಗ ತಗ್ಗಿಸುತ್ತದೆ, ಬಿಡುವಾದ ಕೋರುಗಳನ್ನು ನಿದ್ದೆಗೆ ಕಳಿಸುತ್ತದೆ. ನಿದ್ದೆಯಿಂದ ಎದ್ದು ಪೂರ್ಣ ವೇಗಕ್ಕೆ ಬರುವಷ್ಟರಲ್ಲಿ ಒಂದು ಗಡುವು ತಪ್ಪಿರುತ್ತದೆ. ಒಂದು ಸದ್ದಿಗೆ ಮಾಡಿದ ಮದ್ದು ಇನ್ನೊಂದು ಸದ್ದನ್ನು ತಂದಿತು. ಪವರ್ ಪ್ಲಾನ್ ‘ಹೈ ಪರ್ಫಾರ್ಮೆನ್ಸ್’ಗೆ ಬದಲಿಸಿದರೆ ಅಷ್ಟಿಷ್ಟು ಸುಧಾರಿಸುತ್ತದೆ. ನಿಜವಾದ ಮದ್ದು ಎಲೆಕ್ಟ್ರಿಷಿಯನ್ ಕರೆಸಿ ಆ ಕೋಣೆಯ ಅರ್ಥಿಂಗ್ ಸರಿಮಾಡಿಸುವುದು. ಎರಡನೆಯದು ಬಿಸಿ. ರೆಕಾರ್ಡಿಂಗ್ ಹೊತ್ತಿನಲ್ಲಿ ಸದ್ದು ಬರಬಾರದೆಂದು ಫ್ಯಾನ್, ಏಸಿ ಆರಿಸಿ, ಕಿಟಕಿ ಮುಚ್ಚಿ, ದಪ್ಪ ಪರದೆ ಎಳೆದಿರುತ್ತಾರೆ. ಏಪ್ರಿಲ್ ತಿಂಗಳ ರಾಯಚೂರು, ಕಲಬುರಗಿಯಲ್ಲಿ ಹೊರಗೇ 40 ಡಿಗ್ರಿ ದಾಟಿರುವಾಗ ಆ ಮುಚ್ಚಿದ ಕೋಣೆಯಲ್ಲಿ ಲ್ಯಾಪ್‌ಟಾಪ್ ಏನು ಮಾಡೀತು? ಪ್ರೊಸೆಸರ್ 90–100 ಡಿಗ್ರಿಯ ಹತ್ತಿರ ಬಂದರೆ ತನ್ನನ್ನು ಕಾಪಾಡಿಕೊಳ್ಳಲು ತಾನೇ ವೇಗ ಇಳಿಸಿಕೊಳ್ಳುತ್ತದೆ. ಮೊದಲ ಇಪ್ಪತ್ತು ನಿಮಿಷ ಚೆನ್ನಾಗಿದ್ದು ಆಮೇಲೆ ಕೆಡುವ ತೊಂದರೆಯ ಹಿಂದೆ ಬಹುಪಾಲು ಇದೇ ಇರುತ್ತದೆ. ದಿಂಬು, ಮೆತ್ತೆಯ ಮೇಲೆ ಇಡದೆ ಅಡಿಗೆ ಗಾಳಿಯಾಡುವಂತೆ ಎತ್ತರಿಸಿ ಇಡುವುದು, ಒಳಗಿನ ಧೂಳು ತೆಗೆಸುವುದು, ಟೇಕುಗಳ ನಡುವೆ ಬಾಗಿಲು ತೆರೆಯುವುದು, ಇವೇ ಅದರ ಚಿಕಿತ್ಸೆ.

ಚಟ್ ಸದ್ದು ಗಡಿಯಾರ ಹಿಡಿದಂತೆ ಒಂದೇ ಅಂತರದಲ್ಲಿ ಬರುತ್ತಿದ್ದರೆ ಕಾರಣ ಮತ್ತೂ ಬೇರೆ. ಯುಎಸ್‌ಬಿ ಮೈಕಿನಿಂದ ದನಿ ಒಳಗೆ, ಲ್ಯಾಪ್‌ಟಾಪಿನ ಹೆಡ್‌ಫೋನ್ ತೂತಿನಿಂದ ಹೊರಗೆ, ಹೀಗೆ ಎರಡು ಸಾಧನ ಸೇರಿಸಿ ಕೆಲಸ ಮಾಡುವವರು ಬಹಳ ಮಂದಿ. ಎರಡಕ್ಕೂ ತಮ್ಮ ತಮ್ಮ ಸ್ಫಟಿಕದ ಗಡಿಯಾರ ಉಂಟು, ಎರಡೂ ಸೆಕೆಂಡಿಗೆ 48,000 ಎಂದೇ ಹೇಳಿಕೊಳ್ಳುತ್ತವೆ. ನಿಜದಲ್ಲಿ ಹತ್ತು ಲಕ್ಷಕ್ಕೆ 50ರಷ್ಟು ವ್ಯತ್ಯಾಸ ಇದೆ ಎಂದಿಟ್ಟುಕೊಳ್ಳಿ. ಸೆಕೆಂಡಿಗೆ 2.4 ಮಾದರಿ ಹೆಚ್ಚೋ ಕಡಿಮೆಯೋ ಆಗುತ್ತ ಹೋಗಿ, 256 ಮಾದರಿಗಳ ಒಂದು ಕಂತೆ ತುಂಬುವುದಕ್ಕೆ ಸುಮಾರು 107 ಸೆಕೆಂಡ್ ಬೇಕು. ಈ ತೇಲಾಟವನ್ನು ಡ್ರೈವರೇ ಸರಿದೂಗಿಸದಿದ್ದರೆ 107 ಸೆಕೆಂಡಿಗೊಂದು ಚಟ್. ಪ್ರೊಸೆಸರನ್ನು ಹತ್ತು ಪಟ್ಟು ವೇಗದ್ದು ಮಾಡಿದರೂ ಈ ಸದ್ದು ಹೋಗದು. ಹೆಡ್‌ಫೋನನ್ನು ಅದೇ ಮೈಕಿಗೋ ಅದೇ ಇಂಟರ್ಫೇಸಿಗೋ ಸಿಕ್ಕಿಸಿ ಎರಡೂ ಕೆಲಸವನ್ನು ಒಂದೇ ಗಡಿಯಾರದ ಅಡಿಗೆ ತಂದರೆ ಹೋಗುತ್ತದೆ.

ಡಿಸ್ಕಿನ ಮೇಲೂ ಅನುಮಾನ ಬರುವುದುಂಟು. 24 ಬಿಟ್, 48,000ದ ಒಂದು ಮೊನೊ ಟ್ರ್ಯಾಕಿಗೆ ಸೆಕೆಂಡಿಗೆ 1,44,000 ಬೈಟ್, ಅಂಥ ನಲವತ್ತು ಟ್ರ್ಯಾಕಿಗೆ ಆರು ಮೆಗಾಬೈಟೂ ಆಗದು. ಹಳೆಯ ಹಾರ್ಡ್ ಡಿಸ್ಕಿಗೂ ಇದು ಭಾರವಲ್ಲ. ಆದರೆ ದೊಡ್ಡ ಪಿಯಾನೊ, ಸ್ಟ್ರಿಂಗ್ಸ್ ಲೈಬ್ರರಿಗಳ ಮಾತು ಬೇರೆ. ಅಲ್ಲಿ ಪ್ರತಿ ಸ್ವರವೂ ಡಿಸ್ಕಿನ ಬೇರೆ ಬೇರೆ ಮೂಲೆಯಿಂದ ಬರಬೇಕು, ತಿರುಗುವ ಡಿಸ್ಕಿನ ಮುಳ್ಳು ಒಂದೊಂದು ಸಲ ಸರಿಯುವುದಕ್ಕೂ ಹತ್ತು ಮಿಲಿಸೆಕೆಂಡಿನ ಆಸುಪಾಸು ಹಿಡಿಯುತ್ತದೆ. ಲೈಬ್ರರಿಗಳನ್ನು ಎಸ್‌ಎಸ್‌ಡಿಗೆ ಹಾಕಿಕೊಳ್ಳುವುದು ಇಲ್ಲಿ ನ್ಯಾಯವಾದ ಖರ್ಚು. ಇನ್ನೊಂದು ವಿಚಿತ್ರ ಲಕ್ಷಣ ಹಳೆಯ ಪ್ಲಗಿನ್‌ಗಳಲ್ಲಿ ಕಾಣುತ್ತದೆ: ಹಾಡು ನಿಂತು ರಿವರ್ಬಿನ ಬಾಲ ಮೌನಕ್ಕೆ ಕರಗುತ್ತಿರುವಾಗ ಸಿಪಿಯು ಮೀಟರ್ ಏರುತ್ತದೆ. ಆ ಬಾಲದಲ್ಲಿ ಸೊನ್ನೆಗೆ ಅತಿ ಹತ್ತಿರದ, ಆದರೆ ಸೊನ್ನೆಯಲ್ಲದ ಸಂಖ್ಯೆಗಳು ಉಳಿದಿರುತ್ತವೆ. ಅವುಗಳ ಲೆಕ್ಕಕ್ಕೆ ಅನೇಕ ಪ್ರೊಸೆಸರುಗಳು ಮಾಮೂಲಿಗಿಂತ ಹತ್ತಾರು ಪಟ್ಟು ಹೊತ್ತು ತೆಗೆದುಕೊಳ್ಳುತ್ತವೆ. ಕಿವಿಗೆ ಏನೂ ಕೇಳಿಸದ ಹೊತ್ತಿನಲ್ಲೇ ಯಂತ್ರಕ್ಕೆ ಹೆಚ್ಚು ದುಡಿತ. ಈಗಿನ ಸಾಫ್ಟ್‌ವೇರ್‌ಗಳು ಅಂಥವನ್ನು ಸೊನ್ನೆಗೇ ಇಳಿಸಿಬಿಡುತ್ತವೆ, ತೀರ ಹಳೆಯ ಪ್ಲಗಿನ್ ಬದಲಿಸಿದರೆ ಸಾಕು.

ಇಷ್ಟೆಲ್ಲ ಯಾಕೆ, ಬಫರನ್ನು 1,024ಕ್ಕೆ ಏರಿಸಿದರೆ ಮುಗಿಯಿತಲ್ಲ ಎಂಬ ಆಕ್ಷೇಪಕ್ಕೆ ಅರ್ಧ ಸತ್ಯದ ಬಲ ಇದೆ. ಮಿಕ್ಸಿಂಗ್ ಹೊತ್ತಿಗೆ ಅದೇ ಸರಿ, ಗಡುವು 23 ಮಿಲಿಸೆಕೆಂಡಿಗೆ ಹಿಗ್ಗುತ್ತದೆ. ಆದರೆ ಹಾಡುವವರ ದನಿ ಮೈಕಿನಿಂದ ಒಳಹೋಗಿ ಹೆಡ್‌ಫೋನಿಗೆ ಮರಳುವುದಕ್ಕೆ ಒಳಗೊಂದು ಹೊರಗೊಂದು ಎಂದು ಕನಿಷ್ಠ ಎರಡು ಕಂತೆಯ ಕಾಲ ಬೇಕು, ಅಂದರೆ 46 ಮಿಲಿಸೆಕೆಂಡಿಗೂ ಹೆಚ್ಚು. ಗಾಳಿಯಲ್ಲಿ ಧ್ವನಿ ಒಂದು ಮಿಲಿಸೆಕೆಂಡಿಗೆ ಸುಮಾರು 34 ಸೆಂಟಿಮೀಟರ್ ಸಾಗುತ್ತದೆ. ತನ್ನ ದನಿಯನ್ನು ಹದಿನೈದು ಮೀಟರ್ ದೂರದಿಂದ ಕೇಳಿಸಿಕೊಳ್ಳುತ್ತ ಹಾಡಿದಂತೆ ಅದು. ಪ್ಯಾಡ್ ಮೇಲೆ ಲಯವಾದ್ಯ ನುಡಿಸುವವರ ಕಷ್ಟ ಇನ್ನೂ ಹೆಚ್ಚು. ನಿಮಿಷಕ್ಕೆ 90ರ ಗತಿಯಲ್ಲಿ ಒಂದು ಅಕ್ಷರಕಾಲಕ್ಕೆ ಎಂಟು ಪೆಟ್ಟು ಬಿದ್ದರೆ ಪೆಟ್ಟಿಗೂ ಪೆಟ್ಟಿಗೂ ನಡುವೆ 83 ಮಿಲಿಸೆಕೆಂಡ್. ಅದರಲ್ಲಿ 46 ಹಿಂದೆ ಬಿದ್ದರೆ ಕೈ ಮಾಡಿದ್ದೊಂದು, ಕಿವಿ ಕೇಳಿದ್ದೊಂದು. ಇನ್ನು ಐದು ಮಿಲಿಸೆಕೆಂಡಿನಂಥ ಸಣ್ಣ ವಿಳಂಬವೂ ಗಾಯಕರಿಗೆ ಬೇರೆ ರೀತಿಯಲ್ಲಿ ಕಾಡುತ್ತದೆ. ತಲೆಬುರುಡೆಯ ಮೂಲಕ ನೇರವಾಗಿ ಕೇಳುವ ದನಿಯೊಂದಿಗೆ ತಡವಾದ ದನಿ ಬೆರೆತು 100, 300, 500 ಹರ್ಟ್ಸ್ ಹೀಗೆ ಕೆಲವು ಸ್ಥಾನಗಳಲ್ಲಿ ಒಂದನ್ನೊಂದು ಅಳಿಸಿ, ಸ್ವಂತ ಕಂಠ ಟೊಳ್ಳಾಗಿ ಕೇಳುತ್ತದೆ. ಶ್ರುತಿಯ ಮೇಲೆ ಕಿವಿಯಿಟ್ಟು ಗಮಕ ತೂಗುವವರಿಗೆ ಇದು ಸಣ್ಣ ವಿಷಯ ಅಲ್ಲವೇ ಅಲ್ಲ. ಇದಕ್ಕೆ ಇರುವ ಒಳ್ಳೆಯ ದಾರಿಯೆಂದರೆ ಹೆಚ್ಚಿನ ಇಂಟರ್ಫೇಸುಗಳ ಮೈಮೇಲೇ ಇರುವ ‘ಡೈರೆಕ್ಟ್ ಮಾನಿಟರ್’ ಗುಂಡಿ. ದನಿ ಕಂಪ್ಯೂಟರಿಗೆ ಹೋಗುವ ಮೊದಲೇ ಹೆಡ್‌ಫೋನಿಗೆ ತಿರುಗುತ್ತದೆ. ಬಫರ್ 512 ಇದ್ದರೂ ಹಾಡುವವರಿಗೆ ವಿಳಂಬ ಗೊತ್ತಾಗದು, ರೆಕಾರ್ಡ್ ಆದ ದನಿಯನ್ನು ಸಾಫ್ಟ್‌ವೇರ್ ಸರಿಯಾದ ಜಾಗಕ್ಕೆ ಹಿಂದೆ ಸರಿಸಿ ಕೂರಿಸುತ್ತದೆ. ಕೀಬೋರ್ಡ್, ಪ್ಯಾಡ್ ಹಿಡಿದು ಕಂಪ್ಯೂಟರಿನೊಳಗಿನ ವಾದ್ಯ ನುಡಿಸುವವರಿಗೆ ಈ ಅನುಕೂಲ ಇಲ್ಲ, ಅವರಿಗೆ ಮಾತ್ರ ಬಫರ್ ಇಳಿಸಲೇಬೇಕು. ಆಗ ಮುಗಿದ ಟ್ರ್ಯಾಕುಗಳನ್ನು ‘ಫ್ರೀಜ್’ ಮಾಡಿಟ್ಟರೆ ಪ್ಲಗಿನ್‌ಗಳ ಲೆಕ್ಕ ಮೊದಲೇ ಮುಗಿದು ಬರೀ ಧ್ವನಿಯಷ್ಟೇ ಉಳಿಯುತ್ತದೆ. ಲಾಡು ಹಿಂದಿನ ದಿನವೇ ಕಟ್ಟಿಟ್ಟರೆ ಪಂಕ್ತಿಯ ಹೊತ್ತಿಗೆ ಹುಳಿಯೊಂದನ್ನು ನೋಡಿಕೊಂಡರಾಯಿತು.

ಹೊಸ ಕಂಪ್ಯೂಟರ್ ತಂದ ಮೇಲೆ ತೊಂದರೆ ಹೋದವರೂ ಇದ್ದಾರೆ, ಅದು ಸುಳ್ಳೇ ಎಂದು ಕೇಳಬಹುದು. ಸುಳ್ಳಲ್ಲ. ಆದರೆ ಹೊಸ ಯಂತ್ರದೊಂದಿಗೆ ವೈ-ಫೈ ಕಾರ್ಡ್, ಡ್ರೈವರುಗಳು, ಪವರ್ ಪ್ಲಾನ್, ಧೂಳಿಲ್ಲದ ಫ್ಯಾನ್, ಎಸ್‌ಎಸ್‌ಡಿ ಎಲ್ಲವೂ ಒಂದೇ ಏಟಿಗೆ ಬದಲಾಗಿರುತ್ತವೆ. ವಾಸಿಯಾದದ್ದು ಇವುಗಳಲ್ಲಿ ಯಾವುದರಿಂದ ಎಂದು ಅವರಿಗೆ ತಿಳಿದಿರುವುದಿಲ್ಲ. ಆ ಹಣದ ಸಣ್ಣದೊಂದು ಪಾಲಿನಲ್ಲಿ ಒಳ್ಳೆಯ ಮೈಕ್ ಬರುತ್ತಿತ್ತು, ಕೋಣೆಯ ಗೋಡೆಗೆ ಧ್ವನಿ ಹೀರುವ ಹಾಸು ಬರುತ್ತಿತ್ತು, ಕೇಳುಗರ ಕಿವಿಗೆ ಆ ವ್ಯತ್ಯಾಸ ಮುಟ್ಟುತ್ತಿತ್ತು ಎಂಬುದೇ ನನ್ನ ಸಂಕಟ. ಇದಕ್ಕಿಂತ ಗಟ್ಟಿಯಾದ ಆಕ್ಷೇಪ ಇನ್ನೊಂದಿದೆ: ಹಾಡುವವರು ಹಾಡಬೇಕು, ಡ್ರೈವರಿನ ಹೆಸರು ಹುಡುಕುವುದು ಅವರ ಕೆಲಸವೇ? ಸಾಫ್ಟ್‌ವೇರ್ ಮಾಡುವವರ ಹೊಣೆ ಇಲ್ಲಿ ದೊಡ್ಡದು, ಒಪ್ಪುತ್ತೇನೆ. ಗಡುವು ತಪ್ಪಿದ್ದಕ್ಕೆಲ್ಲ ‘ಸಿಪಿಯು ಓವರ್‌ಲೋಡ್’ ಎಂಬ ಒಂದೇ ಮಾತು ಬರೆದು ತೋರಿಸುವುದು ಬಳಸುವವರನ್ನು ದಾರಿ ತಪ್ಪಿಸುತ್ತದೆ. ಯಾವ ಟ್ರ್ಯಾಕ್, ಯಾವ ಡ್ರೈವರ್, ಎಷ್ಟು ಹೊತ್ತು ಎಂದು ಆ ಎಚ್ಚರಿಕೆಯಲ್ಲೇ ಬರಬೇಕು. ಅದು ಬರುವ ತನಕ ನಮ್ಮ ಸಂಗೀತದಲ್ಲೇ ಇರುವ ಒಂದು ರೂಢಿಯ ಕಡೆ ನೋಡಬಹುದು. ತಂಬೂರಿಯ ತಂತಿಯಡಿ ಜೀವಾಳದ ದಾರವನ್ನು ಕೂದಲೆಳೆಯಷ್ಟು ಸರಿಸಿ ನಾದ ಅರಳುವ ಜಾಗ ಹುಡುಕುವುದನ್ನು, ಮೃದಂಗದ ಅಂಚನ್ನು ತಟ್ಟಿ ತಟ್ಟಿ ಶ್ರುತಿಗೆ ತರುವುದನ್ನು ಯಾರೂ ವಾದ್ಯ ಮಾಡಿದವರ ಕೆಲಸ ಎಂದು ಬಿಟ್ಟುಬಿಡುವುದಿಲ್ಲ. ಕಛೇರಿಗೆ ಮುಂಚಿನ ಆ ಹತ್ತು ನಿಮಿಷ ಸಂಗೀತದ್ದೇ ಭಾಗ. ಬಫರ್, ಪವರ್ ಪ್ಲಾನ್, ವೈ-ಫೈ ನೋಡಿಕೊಳ್ಳುವುದಕ್ಕೂ ಅಷ್ಟೇ ಹೊತ್ತು ಸಾಕು.

ಏನು ಮಾಡಿದರೂ ಸರಿಹೋಗದ ಲ್ಯಾಪ್‌ಟಾಪುಗಳೂ ಇವೆ, ಅದನ್ನು ಮುಚ್ಚಿಡಬೇಕಿಲ್ಲ. ಕೆಲವು ಮಾದರಿಗಳಲ್ಲಿ ಮದರ್‌ಬೋರ್ಡಿನ ಫರ್ಮ್‌ವೇರ್ ಬಿಸಿಯನ್ನೋ ಬ್ಯಾಟರಿಯನ್ನೋ ನೋಡಿಕೊಳ್ಳಲು ಇಡೀ ಪ್ರೊಸೆಸರನ್ನು ತನ್ನ ವಶಕ್ಕೆ ತೆಗೆದುಕೊಳ್ಳುತ್ತದೆ. ವಿಂಡೋಸ್‌ಗೆ ತಾನು ತಡೆಹಿಡಿಯಲ್ಪಟ್ಟದ್ದೇ ಗೊತ್ತಾಗುವುದಿಲ್ಲ, ಡ್ರೈವರುಗಳ ಪಟ್ಟಿಯಲ್ಲಿ ತಪ್ಪಿತಸ್ಥರು ಯಾರೂ ಕಾಣುವುದಿಲ್ಲ. ಆ ಫರ್ಮ್‌ವೇರನ್ನು, ಅಂದರೆ ಬಯಾಸನ್ನು, ಅಪ್‌ಡೇಟ್ ಮಾಡಿ ನೋಡಬಹುದು. ಅದರಿಂದಲೂ ಆಗದಿದ್ದರೆ ಯಂತ್ರ ಬದಲಿಸುವುದೊಂದೇ ಉಳಿದ ದಾರಿ. ಹಾಗೆ ಬದಲಿಸುವಾಗ ಗಿಗಾಹರ್ಟ್ಸ್, ಕೋರುಗಳ ಎಣಿಕೆ ನೋಡಿ ದುಡ್ಡು ಕೊಟ್ಟುಬಿಡಬಾರದು. ನಿಮ್ಮ ಇಂಟರ್ಫೇಸನ್ನೂ ಹೆಡ್‌ಫೋನನ್ನೂ ಅಂಗಡಿಗೆ ಒಯ್ಯಿರಿ. ಅವರು ಒಪ್ಪಿದರೆ ವೈ-ಫೈ ಹಾಕಿಯೇ ಇಟ್ಟು ಲೇಟೆನ್ಸಿಮಾನನ್ನು ಹತ್ತು ನಿಮಿಷ ಓಡಿಸಿ, ಮಧ್ಯೆ ಒಮ್ಮೆ ಚಾರ್ಜರ್ ಕಿತ್ತು ಮತ್ತೆ ಸಿಕ್ಕಿಸಿ, ಅಷ್ಟು ಹೊತ್ತೂ ಹೆಡ್‌ಫೋನಿನಲ್ಲಿ ಒಂದೇ ಸಮನೆ ತಂಬೂರಿಯ ಶ್ರುತಿ ಹಾಕಿಕೊಂಡು ಕೇಳುತ್ತಿರಿ. ಹಾಡಿನ ಗದ್ದಲದಲ್ಲಿ ಮುಚ್ಚಿಹೋಗುವ ಚಟ್ ಆ ಶ್ರುತಿಯ ಮೇಲೆ ಬಿಳಿ ಬಟ್ಟೆಯ ಮೇಲಿನ ಕಲೆಯಂತೆ ಎದ್ದು ಕೇಳುತ್ತದೆ.